ಫೋನಲ್ಲಿ ಹೇಳೋ ವಿಷಯ ಅಲ್ಲ

ನೇರ ಮಾರಾಟ ವ್ಯವಹಾರಗಳ ಮಾನ್ಯ ನೋಂದಣಾಧಿಕಾರಿಗಳೇ,

ನನ್ನ ತಾಯಿಯವರು ವಿಚಾರಣೆಗೆ ಹಾಜರಾಗಲಿಲ್ಲ ಎಂಬ ಕಾರಣಕ್ಕೆ ತಾವು ನನ್ನ ದೂರನ್ನು ಮುಕ್ತಾಯಗೊಳಿಸಿದ್ದೀರಿ. ಆದೇಶದ ಪ್ರತಿ ಕಳೆದ ವಾರ ಅಂಚೆಯಲ್ಲಿ ಬಂತು. ‘ಎದುರುದಾರರು ಸೂಚನಾಪತ್ರ ತಲುಪಿದ ನಂತರವೂ ಗೈರುಹಾಜರಾಗಿರುತ್ತಾರೆ, ಗೈರುಹಾಜರಿಗೆ ಸೂಕ್ತ ಕಾರಣ ನೀಡಿರುವುದಿಲ್ಲ’ ಎಂದು ಅದರಲ್ಲಿದೆ. ಕಾರಣ ಇತ್ತು. ವಿಚಾರಣೆಯ ದಿನಕ್ಕೆ ಅವರು ತೀರಿಕೊಂಡು ಐದು ತಿಂಗಳಾಗಿತ್ತು. ಈ ಸಂಗತಿಯನ್ನು ನಾನು ದೂರಿನ ಎರಡನೇ ಪುಟದಲ್ಲಿ ಬರೆದಿದ್ದೆ. ಬಹುಶಃ ತಮ್ಮ ಕಚೇರಿಯಲ್ಲಿ ಎರಡನೇ ಪುಟ ಓದುವ ಹುದ್ದೆ ಖಾಲಿ ಇರಬೇಕು.

ಸತ್ತ ತಾಯಿಯ ಮೇಲೆ ದೂರು ಕೊಡುವ ಮಗ ಎಂಥವನು ಎಂದು, ಪತ್ರಿಕೆಯಲ್ಲಿ ಈ ಬಹಿರಂಗ ಪತ್ರ ನೋಡಿದ ಓದುಗರು ಕೇಳಬಹುದು. ನಾನು ದೂರು ಕೊಡಲು ಬಂದದ್ದು, ನಮ್ಮನ್ನು ಸದಸ್ಯರಾಗಿ ಸೇರಿಸಿಕೊಂಡು ನಮ್ಮಿಂದಲೇ ಮಾಲು ಮಾರಿಸುತ್ತಿದ್ದ ಕಂಪನಿಯ ಮೇಲೆ. ತಮ್ಮ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂರುವ ಗುಮಾಸ್ತರು ನನ್ನ ಅರ್ಜಿಯನ್ನು ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ನೋಡಿ, ಕಂಪನಿಯ ಮೇಲೆ ದೂರು ನಿಲ್ಲುವುದಿಲ್ಲ ಎಂದರು. ಸದಸ್ಯರೆಲ್ಲ ಸ್ವತಂತ್ರ ಉದ್ಯಮಿಗಳಂತೆ, ಅವರ ಮಾತಿಗೆ ಕಂಪನಿ ಹೊಣೆಯಲ್ಲವಂತೆ. ದೂರು ಕೊಡಬೇಕಾದದ್ದು ನನ್ನನ್ನು ಸೇರಿಸಿದವರ ಮೇಲೆ.

“ಯಾರು ಸೇರ್ಸಿದ್ದು ನಿಮ್ಮನ್ನ?”

“ನಮ್ಮಮ್ಮ.”

“ಹಾಗಾದ್ರೆ ಅವ್ರ ಹೆಸ್ರು ಹಾಕಿ.”

“ಅವರು ಇಲ್ಲ.”

“ಇಲ್ಲ ಅಂದ್ರೆ? ಊರಲ್ಲಿಲ್ವಾ?”

“ತೀರ್ಕೊಂಡ್ರು.”

“ಪರವಾಗಿಲ್ಲ, ವಿಳಾಸ ಇರುತ್ತಲ್ಲ, ಅದನ್ನ ಬರೀರಿ.”

ಬರೆದೆ. ನಮೂನೆಯ ನಾಲ್ಕನೇ ಕಾಲಂನಲ್ಲಿ ‘ದೂರುದಾರರಿಗೂ ಎದುರುದಾರರಿಗೂ ಇರುವ ಸಂಭಂದ’ ಎಂದು ಅಚ್ಚಾಗಿತ್ತು. ಅಚ್ಚಿನಲ್ಲಿ ಹಾಗೆಯೇ ಇದೆ, ತಪ್ಪು ನನ್ನದಲ್ಲ. ತಿದ್ದಿದ ನಮೂನೆಗಳನ್ನು ಸ್ವೀಕರಿಸಲಾಗುವುದಿಲ್ಲ ಎಂದು ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರಿಂದ ಕೈ ಕಟ್ಟಿಕೊಂಡು ಸುಮ್ಮನಿದ್ದೆ. ಅದರ ಮುಂದೆ ‘ತಾಯಿ, ಮಗ’ ಎಂದು ಬರೆದೆ. ಎರಡು ತಿಂಗಳಾದ ಮೇಲೆ ಅಂಚೆಯವರು ಅಮ್ಮನ ಹೆಸರಿಗೆ ಬಂದ ರಿಜಿಸ್ಟರ್ಡ್ ಲಕೋಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಅಮ್ಮ ಇಪ್ಪತ್ತು ವರ್ಷದಿಂದ ಗೊತ್ತು. “ಅವ್ರೇ ಸಹಿ ಹಾಕ್ಬೇಕು ಅಂತಿದೆ,” ಎಂದು ಹೇಳಿ, ನನ್ನ ಮುಖ ನೋಡದೆ, “ನೀವೇ ಹಾಕ್ಬಿಡಿ ಸಾರ್,” ಎಂದರು. ಹಾಕಿದೆ. ಸೂಚನಾಪತ್ರ ತಲುಪಿದ್ದು ಹೀಗೆ.

ಇನ್ನು ಏಳನೇ ಕಾಲಂ. ‘ನಷ್ಟದ ವಿವರ, ಅಂಕಿಯಲ್ಲಿ ಮತ್ತು ಅಕ್ಷರದಲ್ಲಿ.’ ನನ್ನ ದೂರು ಹಣದ್ದಲ್ಲ. ಹೋದ ಹಣ ನನ್ನ ಅತಿಯಾಸೆಯ ಶುಲ್ಕ ಎಂದುಕೊಂಡು ಎಂದೋ ಕೈತೊಳೆದುಕೊಂಡಿದ್ದೇನೆ. ಹಾಗಾಗಿ ಅಂಕಿಯ ಜಾಗದಲ್ಲಿ ‘1’ ಎಂದೂ ಅಕ್ಷರದ ಜಾಗದಲ್ಲಿ ‘ಒಂದು ವಾಕ್ಯ’ ಎಂದೂ ಬರೆದೆ. ಅದಕ್ಕೆ ತಮ್ಮ ಕಚೇರಿಯಿಂದ ಬಂದ ಉತ್ತರವನ್ನು ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದೇನೆ: ‘ಸದರಿ ವಾಕ್ಯವು ಸ್ಥಿರಾಸ್ತಿಯೋ ಚರಾಸ್ತಿಯೋ ಎಂಬುದನ್ನು ಹದಿನೈದು ದಿನಗಳೊಳಗೆ ಸ್ಪಷ್ಟಪಡಿಸತಕ್ಕದ್ದು.’ ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ. ಅದು ಪಿತ್ರಾರ್ಜಿತ ಆಸ್ತಿ, ನಮ್ಮ ಮನೆತನದಲ್ಲಿ ಹಿರಿಯರಿಂದ ಬಂದದ್ದು. ನಮ್ಮ ಮನೆಯಲ್ಲಿ ಮಾತ್ರವಲ್ಲ, ತಮ್ಮ ಮನೆಯಲ್ಲೂ ಇತ್ತು. ಅದನ್ನು ಯಾರು, ಹೇಗೆ, ಯಾವ ಕಾಲದಲ್ಲಿ ಲಪಟಾಯಿಸಿದರು ಎಂದು ತಿಳಿಯಬೇಕಾದರೆ ತಾವು ನೋಂದಣಿ ಮಾಡುತ್ತಿರುವ ಈ ವ್ಯಾಪಾರದ ಇತಿಹಾಸವನ್ನು ಕೊಂಚ ಕೇಳಬೇಕು.

ಅದಕ್ಕಾಗಿ ನಾನು ಗ್ರಂಥಾಲಯಕ್ಕೂ ಹೋಗಿ ಎರಡು ದಪ್ಪ ಪುಸ್ತಕ ಓದಿದೆ. ಆದರೆ ನಮ್ಮ ಮನೆಯ ಅಟ್ಟಕ್ಕೆ ಏಣಿ ಹಾಕಿದ್ದರೆ ಅಷ್ಟು ಕಷ್ಟ ಬೇಕಿರಲಿಲ್ಲ. ಮೂರು ತಲೆಮಾರಿನ ಮಾಲು ಅಲ್ಲಿ ಪದರ ಪದರವಾಗಿ ಕೂತಿದೆ.

ಎಲ್ಲಕ್ಕಿಂತ ಅಡಿಯಲ್ಲಿರುವುದು ಚರ್ಮದ ಒಂದು ಚೀಲ. ಅದು ನನ್ನ ತಾತನದು, ಅಂದರೆ ಅಮ್ಮನ ಅಪ್ಪನದು. ತಾತ ಮನೆ ಮನೆಗೆ ಹೋಗಿ ಬ್ರಷ್ ಮಾರುತ್ತಿದ್ದ. ಬಟ್ಟೆ ಬ್ರಷ್ಷು, ಬೂಟಿನ ಬ್ರಷ್ಷು, ಬಾಟಲಿ ತೊಳೆಯುವ ಉದ್ದ ಹಿಡಿಯ ಬ್ರಷ್ಷು. ಬಾಗಿಲು ತಟ್ಟಿ, “ಬ್ರಷ್ ಮಾರೋಕೆ ಬಂದಿದೀನಿ,” ಎನ್ನುತ್ತಿದ್ದ. ಅವರು “ಬೇಡ” ಎನ್ನುತ್ತಿದ್ದರು. ಇವನು ಪಕ್ಕದ ಮನೆಗೆ ಹೋಗುತ್ತಿದ್ದ. ಗಮನಿಸಿ: ಬಂದವನು ಯಾಕೆ ಬಂದೆ ಎಂದು ಮೊದಲ ಮಾತಿನಲ್ಲೇ ಹೇಳಿದ, ಬೇಡದವರು ಬೇಡ ಎಂದರು, ಯಾರಿಗೂ ಬೇಜಾರಾಗಲಿಲ್ಲ. ತಾತ ದಿನಕ್ಕೆ ನೂರು ಸಲ ಬೇಡ ಅನ್ನಿಸಿಕೊಂಡು ಬಂದು ಹೊಟ್ಟೆತುಂಬ ಊಟ ಮಾಡಿ ನಿದ್ದೆ ಮಾಡುತ್ತಿದ್ದನಂತೆ. ತನ್ನ ಅಣ್ಣನ ಮನೆಯ ಬಾಗಿಲನ್ನು ಮಾತ್ರ ಅವನು ಚೀಲ ಹಿಡಿದು ತಟ್ಟಲಿಲ್ಲ. ಅಲ್ಲಿಗೆ ಬರಿಗೈಲಿ ಹೋಗುತ್ತಿದ್ದ. ವ್ಯಾಪಾರ ಬೇರೆ, ನೆಂಟಸ್ತನ ಬೇರೆ ಎಂಬುದು ಅವನಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

ಆಮೇಲೆ ದೂರದ ಒಂದು ದೇಶದಲ್ಲಿ ಜೀವಸತ್ವದ ಮಾತ್ರೆ ಮಾರುವವರ ತಲೆಗೆ ಒಂದು ಯೋಚನೆ ಬಂತು. ಬಾಗಿಲು ತಟ್ಟಿ ತಟ್ಟಿ ಗೆಣ್ಣು ಸವೆಸುವ ಬದಲು, ಕೊಂಡವನನ್ನೇ ಮಾರುವವನನ್ನಾಗಿ ಮಾಡಿದರೆ? ಅವನು ಮಾರಿದ್ದರಲ್ಲಿ ನಮಗೊಂದು ಪಾಲು, ಅವನು ಸೇರಿಸಿದವನು ಮಾರಿದ್ದರಲ್ಲಿ ಅವನಿಗೊಂದು, ನಮಗೊಂದು. ಹೀಗೆ ಮಾರುವ ವಸ್ತು ಬದಲಾಯಿತು. ಮೊದಲು ಬ್ರಷ್ಷನ್ನು ಮನುಷ್ಯರಿಗೆ ಮಾರುತ್ತಿದ್ದರು. ಈಗ ಮಾತ್ರೆಯ ನೆಪದಲ್ಲಿ ಮನುಷ್ಯರನ್ನು ಮನುಷ್ಯರಿಗೆ ಮಾರತೊಡಗಿದರು.

ಅಟ್ಟದ ಎರಡನೇ ಪದರದಲ್ಲಿ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಗಳಿವೆ. ಅಮ್ಮ ಆಗ ಹೊಸದಾಗಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಭಾನುವಾರ ನಮ್ಮ ಮುಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಹೆಂಗಸರನ್ನು ಕೂರಿಸಿ, ಡಬ್ಬದಲ್ಲಿ ನೀರು ತುಂಬಿ, ಮುಚ್ಚಳ ಒತ್ತಿ ಗಾಳಿ ಹೊರಗೆ ಬಿಟ್ಟು, ತಲೆಕೆಳಗು ಮಾಡಿ ಒಬ್ಬರ ಮಡಿಲ ಮೇಲೆ ಹಿಡಿಯುತ್ತಿದ್ದಳು. ಒಂದು ಹನಿ ಬೀಳುತ್ತಿರಲಿಲ್ಲ. ಎಲ್ಲರೂ ಹೋ ಎಂದು ನಗುತ್ತಿದ್ದರು. ನ್ಯಾಯವಾಗಿ ಹೇಳಬೇಕೆಂದರೆ, ಆ ಡಬ್ಬಗಳು ಇವತ್ತಿಗೂ ಸೋರುವುದಿಲ್ಲ, ಆ ಹೆಂಗಸರಿಗೆ ಮನೆಯಿಂದ ಹೊರಡಲು ಅದೊಂದು ನೆಪವೂ ಆಗಿತ್ತು. ಆದರೆ ಮೊಟ್ಟಮೊದಲ ಬಾರಿಗೆ ಮಾಲು ನಮ್ಮ ಮುಂದಿನ ಕೋಣೆಗೆ ಬಂದು ಕೂತದ್ದು ಆಗ. ಬಾಗಿಲಾಚೆ ನಿಂತವನಿಗೆ ಬೇಡ ಎನ್ನಬಹುದು. ಟೀ ಕೊಟ್ಟು ಕೂರಿಸಿದ ಗೆಳತಿಗೆ ಬೇಡ ಎನ್ನುವುದು ಹೇಗೆ?

ಮೂರನೇ ಪದರದಲ್ಲಿ ಸದಸ್ಯರನ್ನು ಹುರಿದುಂಬಿಸುವ ಭಾಷಣಗಳ ಕ್ಯಾಸೆಟ್ಟುಗಳು. ಬಾಡಿಗೆಗೆ ಹಿಡಿದ ಸಭಾಂಗಣಗಳು, ಬಾಡಿಗೆಗೆ ತಂದ ಟೈಗಳು, ಬಿಳಿ ಹಲಗೆಯ ಮೇಲೆ ಬರೆದ ವೃತ್ತಗಳು. ಈ ಕಾಲದಲ್ಲೇ ಆ ದೂರದ ದೇಶದ ಆಯೋಗವೊಂದು ಯೋಚಿಸಿ ಯೋಚಿಸಿ, ಸರಕು ನಿಜವಾಗಿ ಗಿರಾಕಿಗೆ ತಲುಪುವುದಾದರೆ, ಬರೀ ಜನ ಸೇರಿಸಿದ್ದಕ್ಕೆ ದುಡ್ಡು ಕೊಡದಿದ್ದರೆ ಇದು ಮೋಸವಲ್ಲ ಎಂದು ತೀರ್ಪು ಕೊಟ್ಟಿತು. ಅಂದಿನಿಂದ ಎಲ್ಲ ಕಂಪನಿಗಳೂ ಒಂದು ಸರಕನ್ನು ಜೊತೆಗಿಟ್ಟುಕೊಂಡು ಓಡಾಡತೊಡಗಿದವು. ಸಾಬೂನು, ಪುಡಿ, ಕೈಗೆ ಕಟ್ಟುವ ಅಯಸ್ಕಾಂತ, ಮಲಗಿದರೆ ಬೆನ್ನುನೋವು ಓಡಿಸುವ ಹಾಸಿಗೆ. ಮದುವೆಗೆ ಬರುವ ದೂರದ ನೆಂಟನ ಹಾಗೆ ಸರಕು ಒಂದು ಮೂಲೆಯಲ್ಲಿ ಕೂತಿರುತ್ತದೆ, ಯಾರೂ ಮಾತಾಡಿಸುವುದಿಲ್ಲ. ತಮ್ಮ ಇಲಾಖೆ ಹುಟ್ಟಿದ್ದೂ ಆ ನೆಂಟ ಬಂದಿದ್ದಾನೋ ಇಲ್ಲವೋ ಎಂದು ನೋಡಿ ಹಾಜರಿ ಹಾಕಲಿಕ್ಕೆ.

ಇನ್ನೊಂದು ಬೆಳವಣಿಗೆಯನ್ನು ನಾನು ನಮ್ಮ ಅಟ್ಟದ ಕಾಗದಪತ್ರಗಳಲ್ಲೇ ಕಂಡೆ. ತಾತನ ಗುರುತುಚೀಟಿಯಲ್ಲಿ ‘ಮಾರಾಟಗಾರ’ ಎಂದಿದೆ. ಅಮ್ಮನ ಡಬ್ಬದ ಕಾಲದ ಚೀಟಿಯಲ್ಲಿ ‘ಏಜೆಂಟ್’. ಕ್ಯಾಸೆಟ್ ಕಾಲದಲ್ಲಿ ‘ವಿತರಕ’. ನನ್ನ ಕಾರ್ಡಿನಲ್ಲಿ ‘ಸ್ವತಂತ್ರ ಉದ್ಯಮಿ ಹಾಗೂ ಜೀವನ ಪರಿವರ್ತನಾ ಸಲಹೆಗಾರ’. ತಾತನ ಚೀಲ ಹನ್ನೆರಡು ಕಿಲೋ ತೂಗುತ್ತಿತ್ತಂತೆ. ನನ್ನ ಮಾಲು ಒಂದು ಮೊಬೈಲು. ಚೀಲ ಹಗುರವಾದಷ್ಟೂ ಬಿರುದು ಭಾರವಾಗುತ್ತ ಬಂದಿದೆ.

ನಾನು ಹೊಟ್ಟೆಪಾಡಿಗೆ ಲಿಫ್ಟ್ ಮೆಕ್ಯಾನಿಕ್. ಮೇಲೆ ಹೋಗುವುದು, ಕೆಳಗೆ ಇಳಿಯುವುದು ನನ್ನ ವಿಷಯ. ಲಿಫ್ಟಿನ ಡಬ್ಬಿ ಮೇಲೇರಬೇಕಾದರೆ ಹಗ್ಗದ ಇನ್ನೊಂದು ತುದಿಯಲ್ಲಿ ಕಬ್ಬಿಣದ ತೂಕ ಕೆಳಗಿಳಿಯಲೇಬೇಕು. ಸಭಾಂಗಣದಲ್ಲಿ ಮೇಲೇರಿದವರನ್ನು ವೇದಿಕೆಗೆ ಕರೆದು ಹಾರ ಹಾಕಿದಾಗ, ಇಳಿದ ತೂಕ ಎಲ್ಲಿದೆ ಎಂದು ಕೇಳಬೇಕಾಗಿದ್ದವನು ನಾನೊಬ್ಬನೇ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಒಬ್ಬನು ಆರು ಜನರನ್ನು ಸೇರಿಸಬೇಕು, ಆ ಆರು ಜನ ತಲಾ ಆರು ಜನರನ್ನು ಎಂದು ಹಲಗೆಯ ಮೇಲೆ ಬರೆದರು. ಆಮೇಲೆ ಮನೆಗೆ ಬಂದು ಲೆಕ್ಕ ಹಾಕಿದೆ. ಹದಿಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಭೂಮಿಯ ಮೇಲಿನ ಜನ ಮುಗಿದುಹೋಗುತ್ತಾರೆ. ನಾನು ರಿಪೇರಿ ಮಾಡುವ ಪ್ರತಿ ಲಿಫ್ಟಿನಲ್ಲೂ ‘ಎಂಟು ಜನರಿಗೆ ಮಾತ್ರ’ ಎಂಬ ಫಲಕವಿದೆ. ಆ ಫಲಕವಿಲ್ಲದಿದ್ದರೆ ತಪಾಸಣಾಧಿಕಾರಿ ಲಿಫ್ಟಿಗೆ ಬೀಗ ಹಾಕುತ್ತಾರೆ. ತಾವು ಪರವಾನಗಿ ಕೊಟ್ಟ ಯಂತ್ರಕ್ಕೆ ಅಂಥ ಫಲಕ ಯಾಕಿಲ್ಲ ಎಂದು ಕೇಳಬಹುದೇ?

ಇರಲಿ. ವಾಕ್ಯಕ್ಕೆ ಬರುತ್ತೇನೆ.

‘ಫೋನಲ್ಲಿ ಹೇಳೋ ವಿಷಯ ಅಲ್ಲ, ಮನೆಗೆ ಬಂದು ಹೇಳ್ತೀನಿ.’

ಅಮ್ಮ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವಳು. ಕಿವಿಗೆ ಕಪ್ಪು ಹೆಡ್‌ಫೋನ್ ಸಿಕ್ಕಿಸಿಕೊಂಡು ಈ ಊರಿನವರನ್ನು ಆ ಊರಿನವರಿಗೆ ಜೋಡಿಸುವುದು ಅವಳ ಕೆಲಸ. ನೆಟ್‌ವರ್ಕ್ ಎಂದರೆ ನಮ್ಮ ಮನೆಯಲ್ಲಿ ಮೊದಲು ಅರ್ಥವಿದ್ದದ್ದು ಅದಕ್ಕೆ. ಅವಳು ಹೇಳುತ್ತಿದ್ದಳು: ಟ್ರಂಕ್ ಕಾಲ್‌ನಲ್ಲಿ ಜನ ಜಗಳ ಆಡುತ್ತಾರೆ, ಮದುವೆ ಮುರಿಯುತ್ತಾರೆ, ಬೈಯುತ್ತಾರೆ, ಅಳುತ್ತಾರೆ. ಸಾವನ್ನು ಮಾತ್ರ ಹೇಳುವುದಿಲ್ಲ. ಯಾರಾದರೂ ಹೋದರೆ, “ಫೋನಲ್ಲಿ ಹೇಳೋ ವಿಷಯ ಅಲ್ಲ,” ಎಂದಷ್ಟೇ ಅನ್ನುತ್ತಾರೆ. ಆ ಕಡೆಯವರು ಒಂದು ಪ್ರಶ್ನೆ ಕೇಳದೆ ಹೊರಡುತ್ತಾರೆ. ಹೊರಟು ದಾರಿಯುದ್ದಕ್ಕೂ ನಿಧಾನವಾಗಿ ತಿಳಿದುಕೊಳ್ಳುತ್ತಾರೆ. ಅರ್ಧ ದುಃಖ ದಾರಿಯಲ್ಲೇ ಆಗಿಬಿಡಲಿ ಎಂಬ ದಯೆ ಆ ಮಾತಿನಲ್ಲಿತ್ತು. ಆ ವಾಕ್ಯ ಬಂತೆಂದರೆ ಅಮ್ಮ ತಾನೇ ದನಿ ತಗ್ಗಿಸಿ, ದುಡ್ಡು ಕಟ್ಟಿದ ನಿಮಿಷಗಳು ಮುಗಿದರೂ ಲೈನ್ ಕತ್ತರಿಸುತ್ತಿರಲಿಲ್ಲವಂತೆ.

ಅವಳು ನಿವೃತ್ತಳಾದ ವರ್ಷ ಒಂದು ಬೆಳಿಗ್ಗೆ ಅವಳ ಹಳೆಯ ಮೇಲ್ವಿಚಾರಕಿ ಫೋನ್ ಮಾಡಿದರು. “ಫೋನಲ್ಲಿ ಹೇಳೋ ವಿಷಯ ಅಲ್ಲ ಕಣೆ, ಮನೆಗೇ ಬರ್ತೀನಿ,” ಎಂದರು. ಅಮ್ಮ ಒಲೆ ಆರಿಸಿ, ಬಾಗಿಲು ತೆಗೆದಿಟ್ಟು, ಎದೆ ಹಿಡಿದುಕೊಂಡು ಕೂತಳು. ಜೊತೆಯಲ್ಲಿ ಕೆಲಸ ಮಾಡಿದವರ ಮುಖಗಳನ್ನೆಲ್ಲ ಒಂದೊಂದಾಗಿ ನೆನೆದು, ಯಾರಿರಬಹುದು ಎಂದು ಒಬ್ಬೊಬ್ಬರಿಗೂ ಸ್ವಲ್ಪ ಸ್ವಲ್ಪ ಅತ್ತಳು. ಅರ್ಧ ಗಂಟೆಗೆ ಮೇಲ್ವಿಚಾರಕಿ ನಗುನಗುತ್ತ ಬಂದು ಶಕ್ತಿವರ್ಧಕ ಪುಡಿಯ ಡಬ್ಬ ಮೇಜಿನ ಮೇಲಿಟ್ಟರು. ಯಾರೂ ಸತ್ತಿಲ್ಲ ಎಂಬ ಸಮಾಧಾನದಲ್ಲಿ ಅಮ್ಮ ಅವರು ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು. ಆ ಗಳಿಗೆಯಲ್ಲಿ ಮನೆಯನ್ನೇ ಬರೆದುಕೊಡು ಎಂದಿದ್ದರೂ ಕೊಡುತ್ತಿದ್ದಳು.

ಆಮೇಲೆ ತಿಳಿಯಿತು, ಆ ಮಾತು ಮೇಲ್ವಿಚಾರಕಿಯದಲ್ಲ. ಕಂಪನಿ ಎಲ್ಲ ಸದಸ್ಯರಿಗೂ ಕೊಡುವ ತರಬೇತಿ ಕೈಪಿಡಿಯ ಹನ್ನೊಂದನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ‘ವಿಷಯ ಏನೆಂದು ಫೋನಿನಲ್ಲಿ ಎಂದಿಗೂ ತಿಳಿಸಬೇಡಿ. ಹೀಗೆ ಹೇಳಿ:’ ಎಂದು ಬರೆದು, ಅದರ ಕೆಳಗೆ ಆ ವಾಕ್ಯ. ಕೈಪಿಡಿಯ ಕೊನೆಯ ಪುಟದಲ್ಲಿ ತಮ್ಮ ಇಲಾಖೆಯ ನೋಂದಣಿ ಸಂಖ್ಯೆ ಇದೆ, ಮುದ್ರೆ ಇದೆ. ತಮ್ಮಲ್ಲಿ ಯಾರಾದರೂ ಹನ್ನೊಂದನೇ ಪುಟ ಓದಿದ್ದರೇ? ಓದಿ, ಇದು ಎಲ್ಲಿಯ ಮಾತು, ಯಾವ ಹೊತ್ತಿನ ಮಾತು ಎಂದು ಒಬ್ಬರಿಗೂ ಹೊಳೆಯಲಿಲ್ಲವೇ? ತಮ್ಮ ಮನೆಗಳಲ್ಲಿ ಸಾವು ಆಗುವುದೇ ಇಲ್ಲವೇ?

ಅಮ್ಮನಿಗೆ ಹೊಳೆದಿತ್ತು. “ಈ ಮಾತು ಬೇಡಪ್ಪ, ಇದು ಹಾಗೆಲ್ಲ ಆಡೋದಲ್ಲ,” ಎಂದು ಒಂದು ಸಲ ಅಂದಳು. “ಕೈಪಿಡೀಲಿ ಇದೆಯಲ್ಲಮ್ಮ,” ಎಂದವನು ನಾನು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ. ಅವಳು ನನ್ನನ್ನು ಸೇರಿಸಿದಳು ಎಂಬುದು ಕಾಗದದ ಸತ್ಯ. ಅವಳನ್ನು ಬಿಡದೆ ಎಳೆದುಕೊಂಡು ಹೋದವನು ನಾನು.

ಈಗ ನನ್ನ ಮಾವನ ವಿಷಯ. ಅಮ್ಮನ ಒಬ್ಬನೇ ತಮ್ಮ. ಮುದ್ರಣಾಲಯದಲ್ಲಿ ಪ್ರೂಫ್ ನೋಡಿ ನಿವೃತ್ತರಾದವರು. ನಿವೃತ್ತಿಯಾದ ಮೇಲೂ ದಿನಾ ಬೆಳಿಗ್ಗೆ ಪೆನ್ಸಿಲ್ ಹಿಡಿದು ದಿನಪತ್ರಿಕೆ ತಿದ್ದುತ್ತಾರೆ, ಅದೂ ಓದುಗರ ಪತ್ರಗಳಿಂದ ಶುರುಮಾಡಿ. ಅತಿ ಹೆಚ್ಚು ತಪ್ಪು ಸಿಗುವುದು ಅಲ್ಲೇ ಎಂದು ಅವರ ಅನುಭವ. ನನಗೆ ಅಕ್ಷರ ತಿದ್ದಿಸಿದವರು ಅವರೇ. ‘ಸಂಬಂಧ’ ಎಂಬ ಪದ ನನಗೆ ಎಂದೂ ಬರುತ್ತಿರಲಿಲ್ಲ. ತಮ್ಮ ನಮೂನೆಯ ಹಾಗೆಯೇ, ಮಹಾಪ್ರಾಣವನ್ನು ನಡುವಿನ ಅಕ್ಷರಕ್ಕೆ ಹಾಕಿ ಕೊನೆಯದನ್ನು ಬೋಳಾಗಿ ಬಿಡುತ್ತಿದ್ದೆ. ಅವರು ತಲೆಗೆ ಪೆನ್ಸಿಲ್ಲಿನಿಂದ ಕುಟ್ಟಿ ಹೇಳುತ್ತಿದ್ದರು: “ಉಸಿರನ್ನ ಕೊನೇ ಅಕ್ಷರದವರೆಗೂ ಹಿಡ್ಕೊಳ್ಳೋ. ಮಧ್ಯದಲ್ಲೇ ಬಿಟ್ಬಿಟ್ರೆ ಸಂಬಂಧ ಕೆಡುತ್ತೆ.”

ಈ ಮಾವನಿಗೆ ನಾನು ಆ ವಾಕ್ಯವನ್ನು ಮೊದಲ ಸಲ ಹೇಳಿದಾಗ ಅವರು ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದು ಕಾಲಿಗೆ ಅತ್ತೆಯ ಚಪ್ಪಲಿ ಮೆಟ್ಟಿಕೊಂಡು ಆಟೋದಲ್ಲಿ ಬಂದಿಳಿದರು. ಒಳಗೆ ಬಂದರೆ ಬಿಳಿ ಹಲಗೆ, ಅದರ ಮೇಲೆ ವೃತ್ತಗಳು, ಪಕ್ಕದಲ್ಲಿ ನಗುತ್ತ ನಿಂತ ಅಕ್ಕ. ಮಾವ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ನೀನು ಇದೀಯಲ್ಲ, ಅಷ್ಟು ಸಾಕು ಕಣೆ,” ಎಂದು ಕುರ್ಚಿಯಲ್ಲಿ ಕುಸಿದು ಕೂತರು. ನೀರು ಕುಡಿದು, ಎದ್ದು ಹೋಗಿ, ಹಲಗೆಯ ಮೇಲೆ ನಾನು ಬರೆದಿದ್ದ ‘ಅಭಿವೃದ್ದಿ’ಯನ್ನು ಅಳಿಸಿ ‘ಅಭಿವೃದ್ಧಿ’ ಎಂದು ಬರೆದರು. ಒಂದು ಡಬ್ಬ ಪುಡಿ ಕೊಂಡರು. ಸದಸ್ಯರಾಗಲಿಲ್ಲ.

ಎರಡನೇ ಸಲವೂ ನಾನೇ ಹೇಳಿದೆ, ಅಯಸ್ಕಾಂತದ ಕಡಗಕ್ಕಾಗಿ. ಆಗಲೂ ಬಂದರು, ಚಪ್ಪಲಿ ಸರಿಯಾಗಿತ್ತು. ಮೂರನೇ ಸಲ ಅಮ್ಮ ಹೇಳಿದಳು, ಬಂದರು, ಆದರೆ ಸಂಜೆ. ನಾಲ್ಕನೇ ಸಲ ನನ್ನ ಹೆಂಡತಿ ಹೇಳಿದಳು, ಬರಲಿಲ್ಲ. ಐದನೇ ಸಲ ನಾನು ಮತ್ತೆ ಹೇಳಿದೆ. “ನಾನು ಊರಲ್ಲಿಲ್ಲಪ್ಪ,” ಎಂದರು. ಅವರು ಹುಟ್ಟಿದಾಗಿನಿಂದ ಊರು ಬಿಟ್ಟು ಹೋದವರಲ್ಲ. ಆಮೇಲೆ ನಮ್ಮ ಗುಂಪಿನಿಂದ ದಿನಕ್ಕೆ ಇಪ್ಪತ್ತು ಸಂದೇಶ ಬರುವುದನ್ನು ತಾಳಲಾರದೆ, ಅತ್ತೆಯ ಕೈಯಲ್ಲಿ ಹೇಳಿ ನಮ್ಮೆಲ್ಲರ ನಂಬರುಗಳನ್ನೂ ಸಂದೇಶ ಬಾರದ ಹಾಗೆ ಮಾಡಿಸಿದರು. ಅಮ್ಮ ಅವರ ಮನೆಗೆ ಬರಿಗೈಲಿ ಹೋದಾಗಲೂ ಅತ್ತೆಯ ಕಣ್ಣು ಅವಳ ಕೈಚೀಲದ ಮೇಲೇ ಇರುತ್ತಿತ್ತು. ಕೊನೆಯ ವರ್ಷ ಅವಳು ಹೋಗುವುದನ್ನೇ ಬಿಟ್ಟಳು.

ಅದು ಮಂಗಳವಾರ. ನಾನು ದೊಡ್ಡ ಕಟ್ಟಡವೊಂದರ ಲಿಫ್ಟಿನ ತಳದ ಗುಂಡಿಯಲ್ಲಿ ಗ್ರೀಸ್ ಮೆತ್ತಿದ ಕೈಯಲ್ಲಿದ್ದೆ. ಪಕ್ಕದ ಮನೆಯವರು ಫೋನ್ ಮಾಡಿ ಅಮ್ಮ ಅಡುಗೆಮನೆಯಲ್ಲಿ ಬಿದ್ದಿದ್ದಾಳೆ ಎಂದರು. ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ವೈದ್ಯರು ಕಾಗದಕ್ಕೆ ಸಹಿ ಹಾಕಿಯಾಗಿತ್ತು. ಕಾರಿಡಾರಿನಲ್ಲಿ ನಿಂತು ಮಾವನಿಗೆ ಫೋನ್ ಮಾಡಿದೆ. ಬೇರೆ ಮಾತು ಆಡಬಹುದಿತ್ತು ಎಂದು ಈಗ ತಿಳಿಯುತ್ತದೆ. ಎಂಟು ತಿಂಗಳಿನಿಂದ ನಾನು ಆ ಮಾತುಗಳನ್ನು ಒಂದೊಂದಾಗಿ ಜೋಡಿಸಿ ನೋಡುತ್ತಿದ್ದೇನೆ. ಆಗ ಬಾಯಿಗೆ ಬಂದದ್ದು, ಆ ಹೊತ್ತಿಗೆಂದೇ ನಮ್ಮ ಹಿರಿಯರು ಮಾಡಿಟ್ಟಿದ್ದ ಮಾತು.

“ಮಾವ, ಫೋನಲ್ಲಿ ಹೇಳೋ ವಿಷಯ ಅಲ್ಲ. ಈಗ್ಲೇ ಬರ್ಬೇಕು.”

ಆ ಕಡೆ ಅವರ ಗೋಡೆ ಗಡಿಯಾರ ಹನ್ನೊಂದು ಹೊಡೆಯುವುದು ಕೇಳಿಸಿತು. ಐದು ನಿಮಿಷ ಮುಂದಿರುವ ಗಡಿಯಾರ, ನನಗೆ ಅದರ ದನಿ ಚಿಕ್ಕಂದಿನಿಂದ ಗೊತ್ತು.

“ನಾನು ಊರಲ್ಲಿಲ್ಲಪ್ಪ,” ಎಂದರು ಮಾವ.

ಮತ್ತೆ ಮಾಡಿದರೆ ಫೋನ್ ಆಫ್ ಆಗಿತ್ತು. ‘ಅಮ್ಮ ಹೋದಳು’ ಎಂದು ಸಂದೇಶ ಕಳಿಸಿದೆ, ಅದು ತಲುಪಲಿಲ್ಲ. ಕಾಗದಪತ್ರ ಮುಗಿಸಿ ಒಂದು ಗಂಟೆಗೆ ಅವರ ಮನೆಗೆ ನಾನೇ ಓಡಿದೆ. ಬೀಗ ಹಾಕಿತ್ತು. ಅತ್ತೆ ಮಗಳ ಮನೆಯಲ್ಲಿದ್ದರು. ಮಾವ, ನಾವು ಹಲಗೆ ಹೊತ್ತುಕೊಂಡು ಬಂದೇ ಬರುತ್ತೇವೆ ಎಂದುಕೊಂಡು, ಗ್ರಂಥಾಲಯಕ್ಕೆ ಹೋಗಿ ಕೂತಿದ್ದರು. ಆಡಿದ ಸುಳ್ಳನ್ನು ಆದಷ್ಟು ನಿಜ ಮಾಡಿಬಿಡುವ ಪ್ರಾಮಾಣಿಕ ಮನುಷ್ಯ ಅವರು. ಬಾಗಿಲ ಕೆಳಗೆ ಚೀಟಿ ತೂರಿಸಿ ಬಂದೆ. ಸಂಸ್ಕಾರಕ್ಕೆ ಸಿಕ್ಕ ಸಮಯ ನಾಲ್ಕು ಗಂಟೆ. ಐದರವರೆಗೆ ಕಾಯ್ದೆವು, ಅಲ್ಲಿಯವರು ಇನ್ನು ಆಗುವುದಿಲ್ಲ ಎಂದರು. ಕಂಪನಿಯ ಪಟ್ಟಿಯಲ್ಲಿ ಅಮ್ಮನ ಕೆಳಗೆ ನೂರ ಮೂವತ್ತೇಳು ಜನರಿದ್ದರು. ಬಂದವರು ಒಂಬತ್ತು ಜನ. ಉಳಿದವರಿಗೂ ನಾನು ಅದೇ ಮಾತು ಹೇಳಿದ್ದೆನೋ ಏನೋ, ನೆನಪಿಲ್ಲ. ಹೇಳಿದ್ದರೆ ಅವರ ತಪ್ಪಿಲ್ಲ, ಅವರೂ ಹನ್ನೊಂದನೇ ಪುಟ ಓದಿದವರೇ.

ಮಾವ ಸಂಜೆ ಏಳಕ್ಕೆ ಚೀಟಿ ನೋಡಿದರಂತೆ. ಮರುದಿನ ಬೆಳಿಗ್ಗೆ ನಮ್ಮ ಗೇಟಿನವರೆಗೆ ಬಂದು, ಒಳಗೆ ಬರಲಾರದೆ, ಹಿಂತಿರುಗಿದರಂತೆ. ಅಂದಿನಿಂದ ನಮ್ಮ ಮನೆಗೆ ಬಂದಿಲ್ಲ. ನಾನು ಹೋದರೆ ಹಿತ್ತಲಿಗೆ ಎದ್ದು ಹೋಗುತ್ತಾರೆ. ಬರೆದ ಎರಡು ಕಾಗದಗಳೂ ಒಡೆಯದೆ ವಾಪಸ್ ಬಂದವು. ಫೋನನ್ನು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟಿದ್ದಾರೆ. “ಅಕ್ಕ ಕರ್ದಳು, ನಾನು ಪೇಪರ್ ಓದ್ತಾ ಕೂತಿದ್ದೆ, ಅಂತಾರೆ ಕಣಪ್ಪ. ಊಟದ ಮಧ್ಯೆ, ಇದ್ದಕ್ಕಿದ್ದ ಹಾಗೆ ಅಂತಾರೆ,” ಎಂದು ಅತ್ತೆ ಅಳುತ್ತ ಹೇಳಿದರು. ಎಪ್ಪತ್ತೊಂದು ವರ್ಷದ ಮನುಷ್ಯ, ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತು ಕೂತಿದ್ದಾರೆ. ಅವರು ನನಗೆ ಬೈದಿದ್ದರೆ, ಎರಡು ಬಿಟ್ಟಿದ್ದರೆ, ನಾನು ತಮ್ಮ ಕಚೇರಿಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಮಾನ್ಯರೇ, ನಷ್ಟದ ವಿವರ ಇದು. ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಒಂದು ವಾಕ್ಯ. ಇನ್ನು ಮುಂದೆ ನಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅದನ್ನು ಹೇಳಲು ನಮ್ಮ ಬಳಿ ಮಾತಿಲ್ಲ. ಸಾಬೂನು ಮಾರಿ, ಪುಡಿ ಮಾರಿ, ಹಾಸಿಗೆ ಬೇಕಾದರೂ ಮಾರಿಕೊಳ್ಳಿ, ಬೇಡವಾದವರು ಬೇಡ ಎನ್ನುತ್ತಾರೆ. ಆದರೆ ಒಂದು ಭಾಷೆಯ ಜನರೆಲ್ಲ ಸೇರಿ ದುಃಖದ ಹೊತ್ತಿಗೆಂದು ಎತ್ತಿಟ್ಟುಕೊಂಡ ಮಾತನ್ನು ತೆಗೆದು ಗಿರಾಕಿ ಕರೆಯಲು ಬಳಸಲಿಕ್ಕೆ ಯಾರ ಅನುಮತಿ ಇತ್ತು? ಅನುಮತಿ ಕೊಟ್ಟದ್ದು ತಮ್ಮ ಮುದ್ರೆ.

ಆದ್ದರಿಂದ ನನ್ನ ಬೇಡಿಕೆ. ಮುಚ್ಚಿದ ದೂರನ್ನು ತೆರೆಯಿರಿ, ಎದುರುದಾರರ ಜಾಗದಿಂದ ನನ್ನ ತಾಯಿಯ ಹೆಸರನ್ನು ತೆಗೆಯಿರಿ. ಅಲ್ಲಿ ಯಾರದಾದರೂ ಹೆಸರು ಇರಲೇಬೇಕೆಂಬ ನಿಯಮವಿದ್ದರೆ ನನ್ನದನ್ನು ಹಾಕಿ, ನಾನು ತಪ್ಪದೆ ಹಾಜರಾಗುತ್ತೇನೆ. ತಾವು ನೋಂದಾಯಿಸಿದ ಎಲ್ಲ ಕಂಪನಿಗಳ ಕೈಪಿಡಿಗಳಿಂದಲೂ ಆ ವಾಕ್ಯವನ್ನು ತೆಗೆಸಿ, ನನ್ನ ತಾತನ ವಾಕ್ಯವನ್ನು ಹಾಕಿಸಿ: ‘ಮಾರೋಕೆ ಬಂದಿದೀನಿ.’ ಅಷ್ಟು ಹೇಳಿ ಬಾಗಿಲು ತಟ್ಟಲಿ, ನಮಗೆ ಬೇಡ ಎನ್ನುವ ಅವಕಾಶ ಸಿಗಲಿ. ಕೊನೆಯದಾಗಿ, ನಮೂನೆಯ ನಾಲ್ಕನೇ ಕಾಲಂನ ಕಾಗುಣಿತವನ್ನು ಸರಿಪಡಿಸಿ. ತಮ್ಮ ಕಚೇರಿಯಲ್ಲಿ ಅದನ್ನು ಬಲ್ಲವರು ಇಲ್ಲದಿದ್ದರೆ, ಇದೇ ಊರಿನಲ್ಲಿ ಒಬ್ಬರಿದ್ದಾರೆ, ಕೇಳಿದರೆ ಬಿಟ್ಟಿಯಾಗಿ ಮಾಡಿಕೊಡುತ್ತಾರೆ.

ಅವರು ಈಗ ದಿನಪತ್ರಿಕೆಯ ಓದುಗರ ಪತ್ರಗಳ ಈ ಪುಟದ ಮೇಲೆ ಪೆನ್ಸಿಲ್ ಹಿಡಿದು ಕೂತಿರಬೇಕು. ತಾವು ಅಪ್ಪಣೆ ಕೊಟ್ಟರೆ ಅವರಿಗೂ ಒಂದು ಮಾತು.

ಮಾವ, ಮೇಲೆ ನಾಲ್ಕನೇ ಕಾಲಂನಲ್ಲಿ ಆ ಪದ ತಪ್ಪಾಗಿದೆ. ನಿಮ್ಮ ಪೆನ್ಸಿಲ್ ಆಗಲೇ ಅಲ್ಲಿಗೆ ಹೋಗಿರುತ್ತದೆ ಎಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಆ ನಮೂನೆಯ ಇನ್ನೂ ಮೂರು ಪ್ರತಿಗಳಿವೆ, ಬಂದು ತಿದ್ದಿಕೊಡಿ. ಬಿಳಿ ಹಲಗೆಯನ್ನು ಹಳೇ ಸಾಮಾನಿನವನಿಗೆ ಹಾಕಿದ್ದೇನೆ. ಅಮ್ಮ ನಿಮ್ಮನ್ನು ಕರೆಯಲಿಲ್ಲ, ಕರೆದದ್ದು ನಾನು. ಅವಳಿಗೆ ಆಗಲೇ ಯಾರನ್ನೂ ಕರೆಯುವ ಹಾಗಿರಲಿಲ್ಲ. ನೀವು ತಪ್ಪಿಸಿಕೊಂಡದ್ದು ನನ್ನಿಂದ, ಅವಳಿಂದಲ್ಲ. ಇದನ್ನು ನಿಮ್ಮ ಎದುರು ಕೂತು ಹೇಳಬೇಕೆಂದು ಎಂಟು ತಿಂಗಳಿನಿಂದ ಕಾಯುತ್ತಿದ್ದೇನೆ, ಯಾಕೆಂದರೆ ಇದು ನಿಜವಾಗಿಯೂ ಫೋನಲ್ಲಿ ಹೇಳೋ ವಿಷಯ ಅಲ್ಲ. ಚಪ್ಪಲಿ ಯಾವುದಾದರೂ ಸರಿ, ಮೆಟ್ಟಿಕೊಂಡು ಬನ್ನಿ.

ಇಂತಿ,
ಗೈರುಹಾಜರಾದ ಎದುರುದಾರರ ಮಗ,
ಮಾಜಿ ಜೀವನ ಪರಿವರ್ತನಾ ಸಲಹೆಗಾರ, ಹಾಲಿ ಲಿಫ್ಟ್ ಮೆಕ್ಯಾನಿಕ್,
ನಿಮ್ಮ ಅಕ್ಕನ ಮಗ